ಡಾಕ್ ಸೆಲ್: ಎರಡು ತಾರೀಕುಗಳ ನಡುವಿನ ಕೆಲಸ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಲಯದಲ್ಲಿ ಔಷಧ ಕಾರ್ಖಾನೆ ಸೇರುವ ಬಿ.ಫಾರ್ಮ್, ಎಂ.ಎಸ್ಸಿ. ಹುಡುಗರಲ್ಲಿ ಹೆಚ್ಚಿನವರ ಕಣ್ಣು ಕ್ಯೂಸಿ, ಅಂದರೆ ಔಷಧದ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನ ಮೇಲಿರುತ್ತದೆ. ಔಷಧದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಕೈಗೆ ಕೂತರೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ ಅನ್ನುವ ಲೆಕ್ಕ. ‘ಕ್ಯೂಎ ಟ್ರೇನಿ, ಡಾಕ್ಯುಮೆಂಟೇಶನ್ ಮತ್ತು ಟ್ರೇನಿಂಗ್’ ಅಂತ, ಅಂದರೆ ಗುಣಮಟ್ಟ ಭರವಸೆ ವಿಭಾಗದ ದಾಖಲೆ, ತರಬೇತಿ ಕೆಲಸಕ್ಕೆ, ಆಫರ್ ಲೆಟರ್ ಬಂದರೆ ಮುಖ ಸಪ್ಪಗಾಗುತ್ತದೆ. ಫ್ಲೋರಿನವರು ಈ ವಿಭಾಗಕ್ಕೆ ಡಾಕ್ ಸೆಲ್ ಅನ್ನುತ್ತಾರೆ, ಸಿಟ್ಟು ಬಂದ ದಿನ ಜೆರಾಕ್ಸ್ ಅಂಗಡಿ. ಜೆರಾಕ್ಸ್ ಕೆಲಸ ಇರುವುದು ಸುಳ್ಳಲ್ಲ. ಆದರೆ ಇನ್‌ಸ್ಪೆಕ್ಷನ್‌ಗೆ ಬಂದವರು ಎಲ್ಲೆಲ್ಲಿ ಸುತ್ತಿದರೂ ಕೊನೆಗೆ ಕಾಗದ ಕೇಳುವುದು ಈ ಮೇಜಿನಿಂದಲೇ. ಮೊದಲು ನೋಡುವುದು ತಾರೀಕು. ಎಸ್‌ಓಪಿ (ಒಂದು ಕೆಲಸ ಹೇಗೆ ಮಾಡಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದ ದಾಖಲೆ) ಮಂಜೂರಾದ ದಿನ, ಅದರ ತರಬೇತಿ ಆದ ದಿನ, ಅದು ಜಾರಿಗೆ ಬಂದ ದಿನ, ಆ ಕೆಲಸವನ್ನು ಒಬ್ಬ ಮನುಷ್ಯ ಮೊದಲು ಮಾಡಿದ ದಿನ: ನಾಲ್ಕೂ ಇದೇ ಸಾಲಿನಲ್ಲಿ ಬರಬೇಕು. ದಾಖಲೆ ನೋಡುವವರಿಗೇ ತರಬೇತಿಯನ್ನೂ ಯಾಕೆ ಅಂಟಿಸುತ್ತಾರೆ ಅನ್ನುವುದಕ್ಕೆ ಈ ಸಾಲೇ ಉತ್ತರ.

ಇಂಟರ್‌ವ್ಯೂನಲ್ಲಿ ಕೇಳುವುದು ಹೆಚ್ಚೇನಿಲ್ಲ. ಡೀವಿಯೇಶನ್‌ಗೂ ಚೇಂಜ್ ಕಂಟ್ರೋಲ್‌ಗೂ ವ್ಯತ್ಯಾಸವೇನು ಅನ್ನುತ್ತಾರೆ. ಮೊದಲನೆಯದು ಆಗಿಹೋದ ತಪ್ಪು, ಎರಡನೆಯದು ಮಾಡುವ ಮುಂಚೆ ಅನುಮತಿ ಪಡೆಯುವ ಬದಲಾವಣೆ. ಬಿಎಂಆರ್, ಬಿಪಿಆರ್ ಬಿಡಿಸಿ ಹೇಳಿ ಅನ್ನುತ್ತಾರೆ. ಒಂದು ಬ್ಯಾಚ್ ತಯಾರಾದ ದಾಖಲೆ ಬಿಎಂಆರ್, ಅದು ಪ್ಯಾಕ್ ಆದ ದಾಖಲೆ ಬಿಪಿಆರ್. ಆಮೇಲೆ ಒಂದು ಹಾಳೆ ತಳ್ಳಿ, ‘147.3 ಬರೆಯುವ ಜಾಗದಲ್ಲಿ 143.7 ಬರೆದಿದ್ದೀರಿ, ತಿದ್ದಿ’ ಅನ್ನುತ್ತಾರೆ. ಅರ್ಧ ಜನ 3ರ ಮೇಲೇ 7 ತೀಡುತ್ತಾರೆ, ಅಲ್ಲಿಗೆ ಮುಗಿಯಿತು. ತಪ್ಪು ಅಂಕಿಯ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದ ಅಂಕಿ, ಸಹಿ, ಇವತ್ತಿನ ತಾರೀಕು, ಕಾರಣ. ಹೊಡೆದುಹಾಕಿದ್ದು ಓದಲು ಸಿಗಬೇಕು. ವೈಟ್‌ನರ್, ಪೆನ್ಸಿಲ್, ಅಳಿಸುವ ರಬ್ಬರ್ ಜಿಎಂಪಿ (ಉತ್ತಮ ಉತ್ಪಾದನಾ ಪದ್ಧತಿ) ನಡೆಯುವ ಜಾಗದೊಳಗೆ ಬರುವ ಹಾಗೇ ಇಲ್ಲ.

ಮೊದಲ ವಾರ ಇಂಡಕ್ಷನ್: ಸೇಫ್ಟಿ, ಹೈಜೀನ್, ಜಿಎಂಪಿ, ಗೌನಿಂಗ್ (ಕೆಲಸದ ಉಡುಪು ತೊಡುವ ಕ್ರಮ), ಡೇಟಾ ಇಂಟೆಗ್ರಿಟಿ (ದಾಖಲೆಯ ಪ್ರಾಮಾಣಿಕತೆ). ಸೇರುವ ಮುಂಚೆ ವೈದ್ಯಕೀಯ ತಪಾಸಣೆ ಆಗಿರಬೇಕು. ನಿಮ್ಮ ಹೆಸರಲ್ಲಿ ಒಂದು ಟ್ರೇನಿಂಗ್ ಫೈಲ್ ತೆರೆಯುತ್ತಾರೆ. ಅದರಲ್ಲಿ ಬಯೋಡೇಟಾ, ಅಂಕಪಟ್ಟಿ, ಸಹಿ ಹಾಕಿದ ಜಾಬ್ ಡಿಸ್ಕ್ರಿಪ್ಷನ್. ಈ ಜೆಡಿಯನ್ನು ಜನ ಓದದೆ ಸಹಿ ಹಾಕುತ್ತಾರೆ. ಜೆಡಿಯಲ್ಲಿ ‘ಲೈನ್ ಕ್ಲಿಯರೆನ್ಸ್ ಕೊಡುವುದು’ (ಹಿಂದಿನ ಬ್ಯಾಚಿನದು ಏನೂ ಉಳಿದಿಲ್ಲ ಅಂತ ನೋಡಿ ಅನುಮತಿ ಕೊಡುವುದು) ಅಂತ ಇದ್ದರೆ ಲೈನ್ ಕ್ಲಿಯರೆನ್ಸ್ ಎಸ್‌ಓಪಿಯ ತರಬೇತಿ ನಿಮ್ಮ ಫೈಲಿನಲ್ಲಿ ಇರಲೇಬೇಕು. ಜೆಡಿಯಲ್ಲಿ ಇಲ್ಲದ ಕೆಲಸಕ್ಕೆ ಬಿಎಂಆರ್‌ನಲ್ಲಿ ನಿಮ್ಮ ಸಹಿ ಕಂಡರೆ ಅದಕ್ಕೂ ಜವಾಬು ಕೊಡಬೇಕು.

ಮೊದಲ ದಿನವೇ ಇನ್ನೊಂದು ಪುಸ್ತಕ ಮುಂದಿಡುತ್ತಾರೆ, ಮಾದರಿ ಸಹಿ ರಿಜಿಸ್ಟರ್. ಪೂರ್ತಿ ಸಹಿ, ಚುಟುಕು ಸಹಿ, ಹೆಸರು, ವಿಭಾಗ, ತಾರೀಕು. ನೋಡಲು ಏನೂ ಅಲ್ಲ, ಆದರೆ ಬಿಎಂಆರ್‌ನ ಮೂಲೆಯಲ್ಲಿರುವ ‘ಎಂ.ಎಸ್.’ ಯಾರದು ಅಂತ ಮೂರು ವರ್ಷದ ನಂತರ ಹೇಳುವುದು ಈ ಪುಸ್ತಕ ಮಾತ್ರ. ಹೊಸೂರಿನಂಥ ಊರಲ್ಲಿ ಒಂದೇ ಪಾಳಿಯಲ್ಲಿ ಮೂವರು ಮಂಜುನಾಥ, ಇಬ್ಬರು ಮುರುಗೇಶ ಸಿಗುತ್ತಾರೆ. ಇಬ್ಬರ ಇನಿಷಿಯಲ್ ಒಂದೇ ಆದರೆ ಮೊದಲ ದಿನವೇ ಒಬ್ಬರದನ್ನು ಬದಲಾಯಿಸಿ. ಮದುವೆಯಾದ ಮೇಲೆ ಸಹಿ ಬದಲಿಸುವ ಹೆಣ್ಣುಮಕ್ಕಳು, ಬ್ಯಾಂಕಿನವರ ಕಾಟಕ್ಕೆ ಸಹಿ ಬದಲಿಸುವ ಗಂಡಸರು, ಇಬ್ಬರೂ ಇಲ್ಲಿ ಬಂದು ಹೊಸ ನಮೂನೆ ಹಾಕಿ ಹೋಗಬೇಕು.

ಇನ್ನು ಎಸ್‌ಓಪಿ. ತಲೆಭಾಗದಲ್ಲಿ ನಂಬರ್, ವರ್ಷನ್, ಜಾರಿ ತಾರೀಕು, ಮರುಪರಿಶೀಲನೆ ತಾರೀಕು, ‘12ರಲ್ಲಿ 3ನೇ ಪುಟ’ ಅನ್ನುವ ಪುಟಸಂಖ್ಯೆ. ಒಳಗೆ ಉದ್ದೇಶ, ವ್ಯಾಪ್ತಿ, ಜವಾಬ್ದಾರಿ, ವಿಧಾನ, ಅನೆಕ್ಷರ್‌ಗಳು (ಜೊತೆಗಿರುವ ಫಾರ್ಮ್ಯಾಟ್ ಹಾಳೆಗಳು), ಕೊನೆಗೆ ಬದಲಾವಣೆಗಳ ಇತಿಹಾಸ. ಬರೆದವರು, ಪರಿಶೀಲಿಸಿದವರು, ಕ್ಯೂಎ ಕಡೆಯಿಂದ ಮಂಜೂರು ಮಾಡಿದವರು, ಮೂರು ಸಹಿ. ಈ ಮೂರರ ತಾರೀಕುಗಳೂ ಕ್ರಮದಲ್ಲಿರಬೇಕು. ಮ್ಯಾನೇಜರ್ ರಜೆಯಿಂದ ಬಂದು 9ನೇ ತಾರೀಕು ಪರಿಶೀಲನೆಯ ಸಹಿ ಹಾಕಿ, ಹೆಡ್ ಅದಾಗಲೇ 8ಕ್ಕೆ ಮಂಜೂರು ಮಾಡಿದ್ದರೆ ಆ ಎಸ್‌ಓಪಿ ಹುಟ್ಟಿನಲ್ಲೇ ಕುಂಟು. ಸಾಮಾನ್ಯವಾಗಿ ತಪ್ಪುವುದು ಅನೆಕ್ಷರ್‌ನಲ್ಲಿ: ಎಸ್‌ಓಪಿ 05ನೇ ವರ್ಷನ್‌ಗೆ ಹೋಗಿರುತ್ತದೆ, ಫಾರ್ಮ್ಯಾಟ್ 04ರಲ್ಲೇ ಉಳಿದು ಫ್ಲೋರಿನಲ್ಲಿ ಓಡಾಡುತ್ತಿರುತ್ತದೆ.

ಬರೆಯುವಾಗ ‘ಸಾಕಷ್ಟು’, ‘ಅಗತ್ಯ ಬಿದ್ದರೆ’, ‘ಚೆನ್ನಾಗಿ’ ಅನ್ನುವ ಮಾತುಗಳನ್ನು ಕಂಡಲ್ಲೆಲ್ಲ ಕಿತ್ತುಹಾಕಿ. ‘ಸಿಫ್ಟರನ್ನು ಪ್ಯೂರಿಫೈಡ್ ವಾಟರ್‌ನಲ್ಲಿ ಚೆನ್ನಾಗಿ ತೊಳೆಯಿರಿ’ ಅಂದರೆ ಎ ಶಿಫ್ಟಿನವರು ಎರಡು ನಿಮಿಷ, ಸಿ ಶಿಫ್ಟಿನವರು ಅರ್ಧ ನಿಮಿಷ. ಎಷ್ಟು ಲೀಟರ್, ಎಷ್ಟು ಹೊತ್ತು, ಯಾವ ಭಾಗ ಬಿಚ್ಚಿ, ಯಾವ ಭಾಗ ಬಿಚ್ಚದೆ, ಎಲ್ಲವೂ ಬೇಕು. ಆ ಅಂಕಿಗಳು ಕ್ಲೀನಿಂಗ್ ವ್ಯಾಲಿಡೇಶನ್ (ಹೀಗೆ ತೊಳೆದರೆ ಸಾಕು ಅಂತ ಪರೀಕ್ಷಿಸಿ ತೋರಿಸಿದ) ವರದಿಯಿಂದ ಬರಬೇಕು, ಬರೆಯುವವರ ತಲೆಯಿಂದಲ್ಲ. ಕರಡು ಮುಗಿದ ಮೇಲೆ ಅದನ್ನು ಹಿಡಿದು ಆಪರೇಟರ್ ಪಕ್ಕದಲ್ಲಿ ನಿಲ್ಲಿ. ಅವರು ಮಾಡುತ್ತಾ ಹೋಗಲಿ, ನೀವು ಸಾಲು ಸಾಲಾಗಿ ಟಿಕ್ ಹಾಕಿ. ಎಸ್‌ಓಪಿಯಲ್ಲಿ ಮೆಶ್ (ಸಿಫ್ಟರಿನ ಜರಡಿ ಬಲೆ) ತೆಗೆಯುವುದು 7ನೇ ಹೆಜ್ಜೆ, ಅವರು ಅದನ್ನು ಎರಡನೆಯದಾಗಿ ತೆಗೆದರೆ ತಪ್ಪು ಅವರದೇ ಅಂತ ತೀರ್ಮಾನಿಸಬೇಡಿ. ಬಹಳ ಸಲ ಮಶೀನು ಹಾಗೇ ಬಿಚ್ಚಬೇಕಾಗಿರುತ್ತದೆ, ಕುರ್ಚಿಯಲ್ಲಿ ಕೂತು ಬರೆದವರಿಗೆ ಗೊತ್ತಿರುವುದಿಲ್ಲ.

ಮಂಜೂರಾದ ದಿನಕ್ಕೂ ಜಾರಿಯಾಗುವ ದಿನಕ್ಕೂ ನಡುವೆ ಸಾಮಾನ್ಯವಾಗಿ 7ರಿಂದ 15 ದಿನ ಬಿಡುತ್ತಾರೆ. ಈ ಕೆಲಸದ ಜೀವ ಇರುವುದು ಈ ಸಂದಿಯಲ್ಲಿ. ಟ್ರೇನಿಂಗ್ ಮ್ಯಾಟ್ರಿಕ್ಸ್ ತೆರೆದು ಈ ಎಸ್‌ಓಪಿ ಯಾರ್‍ಯಾರಿಗೆ ಬೇಕು ಅಂತ ಪಟ್ಟಿ ಮಾಡಿ. ಹೆಸರುಗಳು 32 ಬಂದವು ಅಂದುಕೊಳ್ಳಿ. ಮೊದಲ ಎರಡು ದಿನದಲ್ಲಿ 24 ಜನ ಸಲೀಸಾಗಿ ಸಿಗುತ್ತಾರೆ. ಉಳಿದ ಎಂಟೇ ನಿಜವಾದ ಕೆಲಸ: ರಾತ್ರಿ ಪಾಳಿಯ ಮೂವರು, ಊರ ಜಾತ್ರೆಗೆ ಹೋದ ಇಬ್ಬರು, ಕಾಂಟ್ರಾಕ್ಟರ್ ಕಡೆಯ ಇಬ್ಬರು, ‘ನಂಗೇನಕ್ಕೆ, ನಾನೇ ಬರೆದಿದ್ದು’ ಅನ್ನುವ ಒಬ್ಬ ಎಕ್ಸಿಕ್ಯೂಟಿವ್. ಪಾಳಿಗಳು 6ರಿಂದ 2, 2ರಿಂದ 10, 10ರಿಂದ 6 ಇದ್ದರೆ ಮಧ್ಯಾಹ್ನ 2 ಗಂಟೆಯ ಬದಲಾವಣೆಯ ಹೊತ್ತಿಗೆ ಎರಡು ತಂಡ ಸಿಗುತ್ತವೆ. ಆದರೆ ಕಂಪನಿ ಬಸ್ಸು 2.15ಕ್ಕೆ ಹೊರಟುಬಿಡುತ್ತದೆ, ಬಾಗಲೂರು, ಬೇರಿಕೆ ಕಡೆಯವರಿಗೆ ಅದು ತಪ್ಪಿದರೆ ಇನ್ನೊಂದು ಗಂಟೆ ಕಾಯಬೇಕು. ಅವರನ್ನು 2 ಗಂಟೆಗೆ ಕೂರಿಸಿದರೆ ಕಿವಿ ನಿಮ್ಮ ಕಡೆ ಇರುವುದಿಲ್ಲ, ಹಾರ್ನ್ ಕಡೆ ಇರುತ್ತದೆ. ಪ್ರೊಡಕ್ಷನ್‌ನವರ ಕೈಕಾಲು ಹಿಡಿದಾದರೂ 1.15ಕ್ಕೆ ಬಿಡಿಸಿಕೊಳ್ಳಿ. ರಾತ್ರಿ ಪಾಳಿಯವರಿಗೆ ರಾತ್ರಿ ಹತ್ತಕ್ಕೆ ನೀವೇ ಹೋಗಬೇಕು, ಬೆಳಗ್ಗೆ ಆರಕ್ಕೆ ಅವರ ಕಣ್ಣು ಮುಚ್ಚಿಕೊಂಡು ಹೋಗುತ್ತಿರುತ್ತದೆ.

ಜಾರಿಯ ದಿನ ಬಂದರೂ ಯಾರಾದರೂ ಉಳಿದಿದ್ದರೆ ಆ ಹೆಸರುಗಳನ್ನು ವಿಭಾಗದ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ಕೊಡಿ: ತರಬೇತಿ ಆಗುವ ತನಕ ಇವರಿಂದ ಈ ಕೆಲಸ ಮಾಡಿಸಬೇಡಿ. ರಜೆಯಿಂದ ಬಂದವರು ನೇರ ಮಶೀನಿಗೆ ಹೋಗದ ಹಾಗೆ ತಡೆಯುವುದು ಈ ಚೀಟಿಯೇ.

ಅದೇ ದಿನ ಹಳೆಯ ಪ್ರತಿಗಳನ್ನು ವಾಪಸ್ ತರಬೇಕು. ಕೊಟ್ಟದ್ದು ಆರು ಕಂಟ್ರೋಲ್ಡ್ ಕಾಪಿ (ಲೆಕ್ಕವಿಟ್ಟು ಕೊಟ್ಟ ಪ್ರತಿ) ಅಂದರೆ ಬರಬೇಕಾದ್ದೂ ಆರೇ. ಐದು ಬಂದು ಒಂದು ಸಿಗದಿದ್ದರೆ ‘ಎಲ್ಲೋ ಇರುತ್ತೆ ಬಿಡಿ’ ಅನ್ನುವಂತಿಲ್ಲ, ಡೀವಿಯೇಶನ್ ಬರೆಯಬೇಕು. ಅಡಗಿಕೊಳ್ಳುವ ಜಾಗಗಳು ಕೆಲವೇ: ಸೂಪರ್‌ವೈಸರ್ ಡ್ರಾಯರ್, ಮಶೀನಿನ ಬದಿಗೆ ಅಂಟಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಹೊಸದರ ಹಿಂದೆ ಹಳೆಯದು, ಮೆಂಟೆನೆನ್ಸ್ ರೂಮಿನ ಕಪಾಟಿನ ತಲೆ. ಕಂಟ್ರೋಲ್ಡ್ ಕಾಪಿಯ ಸೀಲು ಬಣ್ಣದ ಇಂಕಿನಲ್ಲಿರುವುದಕ್ಕೂ ಅರ್ಥವಿದೆ. ಯಾರಾದರೂ ಕದ್ದು ಜೆರಾಕ್ಸ್ ಮಾಡಿಕೊಂಡರೆ ಸೀಲು ಕಪ್ಪಾಗಿ ಬರುತ್ತದೆ, ಹತ್ತು ಅಡಿ ದೂರದಿಂದಲೇ ನಕಲು ಅಂತ ಗೊತ್ತಾಗುತ್ತದೆ. ಹಳೆಯ ಮಾಸ್ಟರ್ (ಮೂಲ ಪ್ರತಿ) ಮೇಲೆ ಆಬ್ಸೊಲೀಟ್ (ಬಳಕೆ ಮುಗಿದದ್ದು) ಸೀಲು ಹಾಕಿ ಇಟ್ಟುಕೊಳ್ಳಬೇಕು. ವಾಪಸ್ ಬಂದ ಪ್ರತಿಗಳನ್ನು ಲೆಕ್ಕ ಬರೆದು ಶ್ರೆಡ್ ಮಾಡಬೇಕು.

ಬರೀ ಖಾಲಿ ಹಾಳೆಗೇನು ಇಷ್ಟೊಂದು ಲೆಕ್ಕ ಅಂತ ಹೊಸಬರು ಕೇಳುತ್ತಾರೆ. ಖಾಲಿ ಹಾಳೆಯೇ ಅಪಾಯ. ಖಾಲಿ ಫಾರ್ಮ್ಯಾಟ್ ಕೈಗೆ ಸಿಗುವ ಕಡೆ ತಪ್ಪಾದ ಪುಟ ಹರಿದು ಹೊಸದಾಗಿ ಬರೆಯುವುದು ಸಲೀಸು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಹೊರಡಿಸಿದ ಡೇಟಾ ಇಂಟೆಗ್ರಿಟಿ ಮಾರ್ಗದರ್ಶಿ ಖಾಲಿ ಫಾರ್ಮ್‌ಗಳ ಲೆಕ್ಕವನ್ನು ಬೇರೆಯಾಗಿಯೇ ಹೇಳುತ್ತದೆ: ನಂಬರ್ ಹಾಕಿ ಕೊಡಬೇಕು, ಕೊನೆಗೆ ಎಣಿಸಿ ತಾಳೆ ನೋಡಬೇಕು. ಹಾಗಾಗಿ ಬಿಎಂಆರ್ ಕೊಡುವಾಗ ಮಾಸ್ಟರ್‌ನಿಂದ ನಕಲು ತೆಗೆದು, ಪ್ರತಿ ಪುಟಕ್ಕೂ ಬ್ಯಾಚ್ ನಂಬರ್, ಸೀಲು, ಸಹಿ, ಒಟ್ಟು ಪುಟ ಎಣಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಪುಟದ ಮೇಲೆ ದ್ರಾವಣ ಚೆಲ್ಲಿತು, ಇನ್ನೊಂದು ಕೊಡಿ ಅಂತ ಬಂದರೆ ಕೊಡಬಹುದು. ಕಾರಣ ಬರೆಸಿಕೊಂಡು, ಹಾಳಾದ ಪುಟವನ್ನೂ ಬಿಎಂಆರ್‌ಗೇ ಪಿನ್ ಮಾಡಿಸಬೇಕು. ಲಾಗ್‌ಬುಕ್ ಬೈಂಡ್ ಆಗಿರಬೇಕು, ಪುಟಸಂಖ್ಯೆ ಅಚ್ಚಾಗಿರಬೇಕು, ಹಳೆಯದು ಬಂದ ಮೇಲೇ ಹೊಸದು.

ತುಂಬಿ ಬಂದ ಬಿಎಂಆರ್ ಓದುವಾಗ ಎಲ್ಲ ಪುಟಕ್ಕೂ ಒಂದೇ ಗಮನ ಕೊಟ್ಟರೆ ಕಣ್ಣು ಸೋಲುತ್ತದೆ. ತಪ್ಪು ಸೇರಿಕೊಳ್ಳುವ ಜಾಗಗಳನ್ನು ಮೊದಲು ನೋಡುವುದು ಕಲಿತುಕೊಳ್ಳಿ. ರಾತ್ರಿ 12 ದಾಟಿದ ಎಂಟ್ರಿಗಳು ಮೊದಲು. ಸಿ ಶಿಫ್ಟಿನವರು 14ನೇ ತಾರೀಕು ರಾತ್ರಿ 10ಕ್ಕೆ ಬಂದು ಬೆಳಗಿನ ತನಕ 14 ಅಂತಲೇ ಬರೆಯುತ್ತಾ ಹೋಗುತ್ತಾರೆ. 00:10 ಅಂದರೆ ಆಗಲೇ 15. ‘12:10’ ಅಂತ ಬರೆದರಂತೂ ಮಧ್ಯಾಹ್ನವೋ ಮಧ್ಯರಾತ್ರಿಯೋ ಯಾರಿಗೆ ಗೊತ್ತು. 24 ಗಂಟೆಯ ಲೆಕ್ಕದಲ್ಲೇ ಬರೆಯಬೇಕು. ಆಮೇಲೆ ‘ಮಾಡಿದವರು’, ‘ಪರಿಶೀಲಿಸಿದವರು’ ಕಾಲಂ. ಐದು ವಸ್ತು ತೂಗಿದ್ದಕ್ಕೆ ಐದೂ ಸಾಲಿನಲ್ಲಿ ಒಂದೇ ನಿಮಿಷ ಬರೆದಿದ್ದರೆ ಆ ಎರಡನೇ ಸಹಿ ತೂಕ ನೋಡಿ ಹಾಕಿದ್ದಲ್ಲ. ಮೇಲಿನ ಸಾಲಿನದೇ ಅಂತ ಎರಡು ಗೀಟು ಹಾಕುವ ‘ಡಿಟ್ಟೊ’ ನಡೆಯುವುದಿಲ್ಲ. ಖಾಲಿ ಬಿಟ್ಟ ಚೌಕಕ್ಕೆ ಗೆರೆ ಎಳೆದು ‘ಎನ್‌ಎ’ ಬರೆದು ಸಹಿ. ಇಳುವರಿಯನ್ನು ಕ್ಯಾಲ್ಕುಲೇಟರ್ ಹಿಡಿದು ನೀವೇ ಇನ್ನೊಮ್ಮೆ ಮಾಡಿ: ಲೆಕ್ಕದಂತೆ 150.0 ಕಿಲೋ, ಬಂದದ್ದು 147.3, ಅಂದರೆ 98.2 ಶೇಕಡಾ. 143.7 ಅಂತ ಬರೆದು 98.2 ಅಂತ ಬಂದಿದ್ದರೆ ಎರಡರಲ್ಲಿ ಒಂದು ಎಲ್ಲಿಂದಲೋ ನಕಲಾಗಿದೆ.

ಬ್ಯಾಲೆನ್ಸಿನ ಪ್ರಿಂಟ್ಔಟ್ ಥರ್ಮಲ್ ಕಾಗದದಲ್ಲಿದ್ದರೆ ವರ್ಷ ಕಳೆಯುವುದರೊಳಗೆ ಬಿಳಿಚಿಕೊಳ್ಳುತ್ತದೆ. ಅವತ್ತೇ ನಕಲು ತೆಗೆದು, ‘ಮೂಲದ ನಕಲು’ ಅಂತ ಸಹಿ ತಾರೀಕು ಹಾಕಿ, ಮೂಲವನ್ನೂ ಜೊತೆಗಿಡಿ. ಅಂಟು ಹಚ್ಚುವಾಗ ಅಂಕಿಯ ಮೇಲೆ ಗಮ್ ಬಿದ್ದರೆ ಅದೂ ಹೋಯಿತು.

ಮರೆತುಹೋದ ಎಂಟ್ರಿ ಸಿಕ್ಕರೆ ಹಿಂದಿನ ತಾರೀಕು ಹಾಕಿಸಬೇಡಿ. ಇವತ್ತಿನ ತಾರೀಕಿನಲ್ಲೇ ‘ತಡವಾದ ನಮೂದು’ ಅಂತ ಕಾರಣದ ಜೊತೆ ಬರೆಸಿ, ಕಾರ್ಖಾನೆಯ ಎಸ್‌ಓಪಿ ಹೇಳಿದರೆ ಡೀವಿಯೇಶನ್ ಎತ್ತಿ. ಹಿಂದಿನ ತಾರೀಕು ಹಾಕಿ ಅಂತ ಮೇಲಿನವರೇ ಹೇಳುವ ಸಂದರ್ಭವೂ ಬರುತ್ತದೆ. ಆಗ ಜೋರು ಮಾಡದೆ, ‘ಸರ್, ಒಂದು ಮೇಲ್ ಹಾಕಿಬಿಡಿ, ಮಾಡ್ತೀನಿ’ ಅನ್ನಿ. ಆ ಮೇಲ್ ಬರುವುದಿಲ್ಲ.

ತಪ್ಪಿಗೆ ಕಾರಣ ಎಲ್ಲ ಸಲ ಮನುಷ್ಯನಲ್ಲಿ ಇರುವುದಿಲ್ಲ. ಗ್ರ್ಯಾನ್ಯುಲೇಶನ್ (ಪುಡಿಯನ್ನು ಹರಳು ಮಾಡುವ) ವಿಭಾಗದಲ್ಲಿ ಉಷ್ಣತೆಯ ರೀಡಿಂಗನ್ನು ಆಪರೇಟರ್ ಗ್ಲೌಸಿನ ಮೇಲೆ ಬರೆದುಕೊಂಡು, ಆಮೇಲೆ ಬಿಎಂಆರ್‌ಗೆ ಇಳಿಸುತ್ತಿದ್ದಾರೆ ಅಂದುಕೊಳ್ಳಿ. ಆಡಿಟರ್ ಕಣ್ಣಿಗೆ ಬಿದ್ದರೆ ಇದು ನೇರ ಡೇಟಾ ಇಂಟೆಗ್ರಿಟಿಯ ಲೋಪ. ಎಫ್‌ಡಿಎಯಲ್ಲಿದ್ದ ಸ್ಟಾನ್ ವೂಲನ್ 1990ರ ದಶಕದಲ್ಲಿ ಬಳಕೆಗೆ ತಂದ ‘ಆಲ್ಕೋವಾ’ ಸೂತ್ರದ ಐದು ಮಾತುಗಳಲ್ಲಿ (ಯಾರದೆಂದು ತಿಳಿಯಬೇಕು, ಓದಲು ಬರಬೇಕು, ಆಗಿಂದಾಗಲೇ ಬರೆದಿರಬೇಕು, ಮೂಲವಾಗಿರಬೇಕು, ಸರಿಯಾಗಿರಬೇಕು) ಎರಡು ಇಲ್ಲೇ ಮುರಿದವು. ಗ್ಲೌಸೇ ಮೂಲ ದಾಖಲೆ, ಅದು ಕಸಕ್ಕೆ ಹೋಯಿತು. ಸಾಮಾನ್ಯವಾಗಿ ಆಗುವುದೇನು? ಕಾರಣ ‘ಮಾನವ ದೋಷ’, ಪರಿಹಾರ ‘ಮರುತರಬೇತಿ’, ಫೈಲ್ ಬಂದ್. ಹೋಗಿ ನಿಂತು ನೋಡಿದರೆ ಬಿಎಂಆರ್ ಇಡುವ ಮೇಜು ಕ್ಯೂಬಿಕಲ್‌ನ ಹೊರಗಿದೆ, ರೀಡಿಂಗ್ ಕಾಣುವ ಪ್ಯಾನೆಲ್ ಒಳಗಿದೆ. ಐದೈದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ಹೋಗಿ ಬರೆಯುವವರು ಯಾರು? ಪ್ಯಾನೆಲ್ ಪಕ್ಕ ಒಂದು ಸ್ಟೀಲ್ ಸ್ಟ್ಯಾಂಡ್ ಹಾಕಿಸಿದರೆ ಮುಗಿಯುತ್ತದೆ. ಅದಕ್ಕೆ ಚೇಂಜ್ ಕಂಟ್ರೋಲ್ ಬೇಕು, ಮೂರು ವಿಭಾಗದ ಸಹಿ ಬೇಕು, ಮರುತರಬೇತಿಗೆ ಒಂದು ಹಾಜರಿ ಹಾಳೆ ಸಾಕು. ಎಲ್ಲರೂ ಹಾಜರಿ ಹಾಳೆಯನ್ನೇ ಆರಿಸಿಕೊಳ್ಳುವುದು ಅದಕ್ಕೇ.

ತರಬೇತಿಯ ಕಡೆಗೆ ಬಂದರೆ, ಅಮೆರಿಕದ ಔಷಧ ತಯಾರಿಕೆಯ ನಿಯಮ 21 ಸಿಎಫ್‌ಆರ್ 211.25 ಹೇಳುವುದು ಚುಟುಕಾಗಿದೆ: ಆ ಮನುಷ್ಯ ಮಾಡುವ ನಿರ್ದಿಷ್ಟ ಕೆಲಸಕ್ಕೆ ಬೇಕಾದ ಓದು, ತರಬೇತಿ, ಅನುಭವ ಇರಬೇಕು, ಜಿಎಂಪಿ ತರಬೇತಿ ನಿರಂತರವಾಗಿ ನಡೆಯುತ್ತಿರಬೇಕು. ನಮ್ಮಲ್ಲಿ 2023ರ ಡಿಸೆಂಬರ್ 28ರ ಅಧಿಸೂಚನೆಯಲ್ಲಿ ಬಂದ ಪರಿಷ್ಕೃತ ಶೆಡ್ಯೂಲ್ ಎಂ (ಭಾರತದ ಜಿಎಂಪಿ ನಿಯಮ) ಕೂಡ ಇದನ್ನೇ ಕೇಳುತ್ತದೆ. 250 ಕೋಟಿ ವಹಿವಾಟಿನೊಳಗಿನ ಘಟಕಗಳಿಗೆ 2025ರ ಕೊನೆಯ ತನಕ ಸಮಯ ಕೊಟ್ಟಿದ್ದರು. ‘ನಮ್ದು ಚಿಕ್ಕ ಘಟಕ’ ಅನ್ನುವ ನೆಪಕ್ಕೆ ಈಗ ಬೆಲೆ ಇಲ್ಲ, ಅಲ್ಲೂ ಡಾಕ್ ಸೆಲ್‌ಗೆ ಒಬ್ಬರಾದರೂ ಬೇಕು.

ದಾಖಲೆಯಲ್ಲಿ ತರಬೇತಿ ಆಗುವುದು ಒಂದು, ತಲೆಗೆ ಹೋಗುವುದು ಇನ್ನೊಂದು. ಹೊಸ ಆಪರೇಟರ್ ಸೇರಿದ ಮೊದಲ ದಿನವೇ 35 ಎಸ್‌ಓಪಿ ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಅಂತ ಸಹಿ ಹಾಕಿರುವ ಫೈಲುಗಳಿವೆ. ಎಂಟು ಗಂಟೆಗೆ 480 ನಿಮಿಷ. ಊಟ, ಟೀ ಬಿಟ್ಟುಬಿಟ್ಟರೂ ಒಂದಕ್ಕೆ 14 ನಿಮಿಷ ಬರುವುದಿಲ್ಲ. ಇನ್‌ಸ್ಪೆಕ್ಟರ್‌ಗಳು ಈ ಭಾಗಾಕಾರವನ್ನು ನಿಮ್ಮೆದುರೇ ಮಾಡುತ್ತಾರೆ. ಪುಟ ಲೆಕ್ಕ ಹಾಕಿ ದಿನಕ್ಕೆ ನಾಲ್ಕೈದರ ಮೇಲೆ ಹೋಗಬೇಡಿ. ಕಂಪ್ಯೂಟರಿನಲ್ಲೇ ತರಬೇತಿ ನಡೆಸುವ ಎಲ್‌ಎಂಎಸ್ ಬಂದ ಮೇಲೆ ಇದು ಇನ್ನೂ ಬೆತ್ತಲೆ: 18 ಪುಟದ ಎಸ್‌ಓಪಿಯನ್ನು 40 ಸೆಕೆಂಡಿನಲ್ಲಿ ಮುಗಿಸಿದ್ದು ಆಡಿಟ್ ಟ್ರೇಲ್‌ನಲ್ಲಿ ಹಾಗೇ ಕೂತಿರುತ್ತದೆ.

ಗಡಿಯ ಊರಿನ ಕಷ್ಟ ಭಾಷೆ. ಎಸ್‌ಓಪಿ ಇಂಗ್ಲಿಷಿನಲ್ಲಿ. ಕೂತಿರುವವರಲ್ಲಿ ತಳಿ, ಡೆಂಕಣಿಕೋಟೆ ಕಡೆಯ ಕನ್ನಡದವರು, ಶೂಲಗಿರಿ ಕಡೆಯ ತೆಲುಗಿನವರು, ಕೃಷ್ಣಗಿರಿ, ಧರ್ಮಪುರಿಯ ತಮಿಳರು, ಒಡಿಶಾದಿಂದ ಬಂದ ಹಿಂದಿ ಬಲ್ಲ ಹುಡುಗರು. ಇಲ್ಲಿಯವರು ಮೂರು ಭಾಷೆಯನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುತ್ತಾರೆ, ಆದ್ದರಿಂದ ಎಲ್ಲರಿಗೂ ಎಲ್ಲ ಅರ್ಥವಾಯಿತು ಅನ್ನಿಸುತ್ತದೆ. ಹಾಗಲ್ಲ. ‘ಪ್ಯೂರಿಫೈಡ್ ವಾಟರ್’ ಅನ್ನುವುದನ್ನು ‘ಶುದ್ಧ ನೀರು’ ಮಾಡಿ ನೋಡಿ: ಕುಡಿಯುವ ಕ್ಯಾನ್ ನೀರೂ ಶುದ್ಧವೇ ಅಲ್ಲವೇ? ‘ಕ್ಲೀನಿಂಗ್’, ‘ಸ್ಯಾನಿಟೈಸೇಶನ್’ ಎರಡಕ್ಕೂ ‘ತೊಳೆಯೋದು’ ಅಂದುಬಿಟ್ಟರೆ 70 ಶೇಕಡಾ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸುವ ಹೆಜ್ಜೆ ಮಾಯ. ಪೈಪಿನ ಮೇಲೆ, ಬಾಟಲಿಯ ಮೇಲೆ, ಮಶೀನಿನ ಗುಂಡಿಯ ಮೇಲೆ ಏನು ಬರೆದಿದೆಯೋ ಆ ಪದ ಹಾಗೇ ಇರಲಿ. ಕ್ರಿಯಾಪದ ಮಾತ್ರ ಅವರ ಭಾಷೆಗೆ ಬರಲಿ: ಸುರಿ, ಒರೆಸು, ಬಿಚ್ಚು, ನಿಲ್ಲಿಸು, ಹೇಳಿ ಕಳಿಸು.

ಹಾಗಂತ ನೀವೇ ಕನ್ನಡದಲ್ಲಿ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದರೆ ಕೆಟ್ಟಿತು. ನಂಬರ್ ಇಲ್ಲದ, ಮಂಜೂರಾಗದ ಸೂಚನೆ ಅದು. ಎಸ್‌ಓಪಿ ಬದಲಾದಾಗ ಚೀಟಿ ಬದಲಾಗುವುದಿಲ್ಲ. ಸ್ಥಳೀಯ ಭಾಷೆಯ ಹಾಳೆಯನ್ನೋ ಚಿತ್ರದ ಹಾಳೆಯನ್ನೋ ಎಸ್‌ಓಪಿಯ ಅನೆಕ್ಷರ್ ಆಗಿಯೇ ಸೇರಿಸಿ, ವರ್ಷನ್ ನಂಬರ್ ಕೊಡಿ, ಭಾಷೆ ಬಲ್ಲ ಇನ್ನೊಬ್ಬರಿಂದ ಮೂಲದ ಜೊತೆ ತಾಳೆ ನೋಡಿಸಿ ಸಹಿ ಹಾಕಿಸಿ. ತರಬೇತಿ ಹಾಳೆಯಲ್ಲಿ ಯಾವ ಭಾಷೆಯಲ್ಲಿ ಹೇಳಲಾಯಿತು ಅನ್ನುವ ಕಾಲಂ ಇರಲಿ. ಅದು ಖಾಲಿ ಇದ್ದರೆ ಆಡಿಟರ್ ಆಪರೇಟರನ್ನೇ ಕರೆದು ಕೇಳುತ್ತಾರೆ.

ಪರೀಕ್ಷೆಯೂ ಅಷ್ಟೆ. ಐದು ಪ್ರಶ್ನೆ, ನಾಲ್ಕು ಆಯ್ಕೆ, ಪಾಸಿಗೆ 80 ಶೇಕಡಾ. ಒಂದೇ ಪ್ರಶ್ನೆಪತ್ರಿಕೆ ಎರಡು ವರ್ಷ ಓಡಿದರೆ ಉತ್ತರ ‘ಬಿ, ಡಿ, ಎ, ಎ, ಸಿ’ ಅಂತ ಕ್ಯಾಂಟೀನಿನಲ್ಲೇ ಬಾಯಿಪಾಠವಾಗಿರುತ್ತದೆ. ಯಾರೂ ಎಂದೂ ಫೇಲಾಗದ ತರಬೇತಿ ದಾಖಲೆಯನ್ನು ಯಾರೂ ನಂಬುವುದಿಲ್ಲ. ಎರಡು ಮೂರು ಸೆಟ್ ಮಾಡಿಡಿ. ಕೈಕೆಲಸದ ಎಸ್‌ಓಪಿ ಆದರೆ ಪೆನ್ನು ಬಿಟ್ಟು ಮಶೀನಿನ ಮುಂದೆ ನಿಲ್ಲಿಸಿ ಕೇಳುವುದೇ ವಾಸಿ. ಡಿಸ್ಪೆನ್ಸಿಂಗ್‌ನಲ್ಲಿ (ಕಚ್ಚಾವಸ್ತು ತೂಗಿ ಕೊಡುವ ಕಡೆ) ಕೇಳುವ ಒಂದು ಪ್ರಶ್ನೆ ಹೀಗೆ ಸಾಗುತ್ತದೆ:

‘ಅಣ್ಣಾ, ಬ್ಯಾಲೆನ್ಸ್ ಸೊನ್ನೆಗೆ ನಿಲ್ತಾ ಇಲ್ಲ. ಏನ್ ಮಾಡ್ತೀರಾ?’

‘ಟೇರ್ ಒತ್ತೀನಿ ಮೇಡಂ.’

‘ಒತ್ತಿದ್ರೂ 0.02 ತೋರಿಸ್ತಾ ಇದೆ.’

‘ತಟ್ಟೆ ಒರೆಸ್ತೀನಿ. ಲೆವೆಲ್ ಗುಳ್ಳೆ ನೋಡ್ತೀನಿ.’

‘ಆದ್ರೂ ಅಷ್ಟೇ.’

ಇಲ್ಲಿ ಒಂದು ಕ್ಷಣ ಸುಮ್ಮನಿರುತ್ತಾರೆ. ‘0.02 ತಾನೇ, ಕಳೆದು ಬರೆದ್ರೆ ಆಯ್ತು’ ಅಂದವರು ಲೆಕ್ಕದಲ್ಲಿ ಜಾಣರು, ಈ ಕೆಲಸಕ್ಕೆ ಇನ್ನೂ ತಯಾರಿಲ್ಲ. ‘ನಿಲ್ಲಿಸಿ ಐಪಿಕ್ಯೂಎ ಅವ್ರನ್ನ ಕರೀತೀನಿ, ಟ್ಯಾಗ್ ಹಾಕಿಸ್ತೀನಿ’ ಅಂದವರು ಪಾಸು. (ಐಪಿಕ್ಯೂಎ ಅಂದರೆ ತಯಾರಿಕೆ ನಡೆಯುವಾಗಲೇ ನಿಂತು ನೋಡುವ ಕ್ಯೂಎಯವರು.) ಈ ಸಂಭಾಷಣೆಯನ್ನು ಅವರ ಮಾತಿನಲ್ಲೇ ಮೌಲ್ಯಮಾಪನದ ಹಾಳೆಯಲ್ಲಿ ಬರೆದಿಡಿ, ಟಿಕ್ ಗುರುತಿಗಿಂತ ಅದಕ್ಕೆ ತೂಕ ಜಾಸ್ತಿ. ಕೈಕೆಲಸದ ತರಬೇತಿಗೆ ‘ನೋಡು, ಜೊತೆಗೆ ಮಾಡು, ಒಬ್ಬನೇ ಮಾಡು’ ಅನ್ನುವ ಮೂರು ಹಂತ. ಪ್ರತಿ ಹಂತ ಯಾವ ಬ್ಯಾಚಿನಲ್ಲಿ ಆಯಿತು ಅಂತ ನಂಬರ್ ಸಮೇತ ಬೇಕು. ಇಂಜೆಕ್ಷನ್ ತಯಾರಿಸುವ ಸ್ಟೆರೈಲ್ ಘಟಕವಾದರೆ ಬಿಗಿ ಇನ್ನೂ ಹೆಚ್ಚು: ಗೌನಿಂಗ್ ಅರ್ಹತೆ ಆಗಬೇಕು, ವರ್ಷಕ್ಕೆ ಒಮ್ಮೆಯಾದರೂ ಮೀಡಿಯಾ ಫಿಲ್‌ನಲ್ಲಿ (ಔಷಧದ ಬದಲು ಸೂಕ್ಷ್ಮಾಣು ಬೆಳೆಯುವ ದ್ರವ ತುಂಬಿ ನೋಡುವ ಪರೀಕ್ಷೆ) ಪಾಲ್ಗೊಂಡಿರಬೇಕು. ಅದು ತಪ್ಪಿದವರ ಹೆಸರನ್ನು ಎಂಟ್ರಿ ಪಟ್ಟಿಯಿಂದ ಅದೇ ದಿನ ತೆಗೆಯಿರಿ.

ಇನ್‌ಸ್ಪೆಕ್ಷನ್ ದಿನ ದಾರ ಎಳೆಯುವುದು ಹೀಗೆ. ಫ್ಲೋರಿನಲ್ಲಿ ಒಬ್ಬ ಆಪರೇಟರ್ ಹೆಸರು ಬರೆದುಕೊಳ್ಳುತ್ತಾರೆ. ಸಂಜೆ ಮೂರಕ್ಕೆ ಅವನ ಟ್ರೇನಿಂಗ್ ಫೈಲ್, ಅವನು ಸಹಿ ಹಾಕಿದ ಒಂದು ಬಿಎಂಆರ್, ಆ ಕೆಲಸದ ಎಸ್‌ಓಪಿ, ಮೂರನ್ನೂ ಒಟ್ಟಿಗೆ ಕೇಳುತ್ತಾರೆ. ಎಸ್‌ಓಪಿ 05ನೇ ವರ್ಷನ್ ಜಾರಿಯಾದದ್ದು 10ಕ್ಕೆ. ಬಿಎಂಆರ್‌ನಲ್ಲಿ ತೂಗಿದ್ದು 14ಕ್ಕೆ. ತರಬೇತಿ 15ಕ್ಕೆ. ಒಂದು ದಿನ. ನಾಲ್ಕು ವರ್ಷ ಅದೇ ಕೆಲಸ ಮಾಡಿದ್ದಾನೆ, 04ರ ತರಬೇತಿ ಇತ್ತು, ಬದಲಾದದ್ದು ಒಂದೇ ಸಾಲು, ಏನೇ ಹೇಳಿದರೂ ಅವರ ಪುಸ್ತಕದಲ್ಲಿ ಬರೆದಾಯಿತು. ಎಫ್‌ಡಿಎ ಕಡೆಯವರಾದರೆ ಕಂಡ ಲೋಪಗಳನ್ನು ಬರೆದುಕೊಡುವ ಫಾರ್ಮ್ 483ರಲ್ಲಿ ಬರುತ್ತದೆ, ಜವಾಬಿಗೆ 15 ಕೆಲಸದ ದಿನ. ಅವತ್ತು ಮಾಡಬೇಕಾದ್ದು: ಕೇಳಿದ್ದನ್ನೇ ಕೊಡಿ, ಕೇಳದ್ದನ್ನು ಕೊಡಬೇಡಿ, ಯಾವುದು ಎಷ್ಟು ಗಂಟೆಗೆ ಹೋಯಿತು ಅಂತ ಬರೆದಿಡಿ, ಒಳಗೆ ಹಳದಿ ಚೀಟಿ ಅಂಟಿಕೊಂಡಿದೆಯೇ ಅಂತ ಪುಟ ತಿರುವಿ ನೋಡಿ. ‘ಸರಿ ಮಾಡಿ ಕೊಡ್ತೀವಿ’ ಅಂತ ಆ ಹೊತ್ತಿನಲ್ಲಿ ಪೆನ್ನು ತೆಗೆದರೆ ಒಂದು ದಿನದ ಅಂತರ ಹೋಗಿ ವಂಚನೆಯ ಮಾತು ಬರುತ್ತದೆ.

ಸಣ್ಣ ಸಂಗತಿಗಳು ಇನ್ನೆರಡು. ಎಸ್‌ಓಪಿಗಳ ಮರುಪರಿಶೀಲನೆ ಎರಡು ಇಲ್ಲವೇ ಮೂರು ವರ್ಷಕ್ಕೊಮ್ಮೆ. ಕಾರ್ಖಾನೆ ಶುರುವಾದಾಗ ಎಲ್ಲವನ್ನೂ ಒಂದೇ ತಿಂಗಳು ಬರೆದಿದ್ದರೆ ಎಲ್ಲವೂ ಒಂದೇ ತಿಂಗಳು ಬಂದು ತಲೆಮೇಲೆ ಬೀಳುತ್ತವೆ. ಮೊದಲ ಸುತ್ತಿನಲ್ಲೇ ಅವಧಿಗೆ ಮುಂಚೆ ಸ್ವಲ್ಪ ಸ್ವಲ್ಪ ಎತ್ತಿಕೊಂಡು ಹರಡಿ. ದಾಖಲೆ ಉಳಿಸುವ ಅವಧಿ ಮಾರುಕಟ್ಟೆಯ ಮೇಲೆ ಹೋಗುತ್ತದೆ: ಅಮೆರಿಕಕ್ಕೆ ಎಕ್ಸ್‌ಪೈರಿ ಆಗಿ ಒಂದು ವರ್ಷ, ಯುರೋಪಿಗೆ ಅದು ಅಥವಾ ಬ್ಯಾಚ್ ಪ್ರಮಾಣೀಕರಿಸಿ ಐದು ವರ್ಷ, ಯಾವುದು ಹೆಚ್ಚೋ ಅದು. ಗೆದ್ದಲಿಗೆ ಇದ್ಯಾವುದೂ ಗೊತ್ತಿರುವುದಿಲ್ಲ, ಕಬ್ಬಿಣದ ರ್‍ಯಾಕನ್ನು ಗೋಡೆಯಿಂದ ಒಂದು ಅಡಿ ಈಚೆಗೆ ಇಡಿಸಿ.

ಒಂದೂವರೆ ಎರಡು ವರ್ಷಕ್ಕೆ ಜಿಗಣಿಯೋ ಬೊಮ್ಮಸಂದ್ರವೋ ಕರೆಯುತ್ತದೆ, ಹೆಚ್ಚಿನವರು ಹೋಗುತ್ತಾರೆ. ಹೋಗುವ ದಿನ ಐಡಿ ಕಾರ್ಡ್, ಲಾಕರ್ ಕೀ ಕೊಟ್ಟು ಬಂದರೆ ಸಾಲದು. ಡಿಎಂಎಸ್ (ದಾಖಲೆಗಳ ತಂತ್ರಾಂಶ), ಎಲ್‌ಎಂಎಸ್ ಲಾಗಿನ್ ಮುಚ್ಚಿಸಿ, ನಿಮ್ಮ ಹೆಸರಲ್ಲಿ ತೆರೆದಿರುವ ಕಾಪಾ (ತಪ್ಪು ಸರಿಪಡಿಸಿ ಮರುಕಳಿಸದಂತೆ ತಡೆಯುವ ಕ್ರಮ), ಚೇಂಜ್ ಕಂಟ್ರೋಲ್‌ಗಳನ್ನು ಬೇರೆಯವರ ಹೆಸರಿಗೆ ಬರವಣಿಗೆಯಲ್ಲಿ ದಾಟಿಸಿ, ಆಮೇಲೆ ಆ ಮಾದರಿ ಸಹಿ ರಿಜಿಸ್ಟರ್ ತೆಗೆಸಿ ನಿಮ್ಮ ಸಾಲಿನ ಮುಂದೆ ಕೆಲಸ ಬಿಟ್ಟ ತಾರೀಕು ಬರೆಸಿಕೊಂಡು ಬನ್ನಿ.